ಆದಾಯ ಸರಿಹೊಂದಿಸಿದ ಮೇಲೂ ಉಳಿಯುವ ಆರೋಗ್ಯದ ಅಂತರ: ಇದನ್ನು ಹೇಗೆ ಓದಬೇಕು?

ಅಂಕಿಪಟ್ಟಿ

ಜನಾಂಗವಾರು ಆರೋಗ್ಯದ ಅಂಕಿಅಂಶ ನೋಡಿ ಪಳಗಿದವರಿಗೆ ಒಂದು ಪ್ರಶ್ನೆ. ಅಮೆರಿಕದ 2021ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69.9 ಕಪ್ಪುವರ್ಣೀಯ ತಾಯಂದಿರು ಸತ್ತಿದ್ದಾರೆ. ಬಿಳಿಯರಲ್ಲಿ ಅದು 26.6. ಬಡತನವೇ ಕಾರಣ ಅಂದುಕೊಂಡು ಆದಾಯ, ಓದು ಎರಡನ್ನೂ ರಿಗ್ರೆಷನ್‌ಗೆ (ಹಲವು ಕಾರಣಗಳ ಪಾಲನ್ನು ಬೇರೆ ಬೇರೆಯಾಗಿ ಅಂದಾಜಿಸುವ ಮಾಡೆಲ್‌ಗೆ) ಹಾಕಿದರೆ ಇಂಥ ಅಂತರಗಳು ಕುಗ್ಗುತ್ತವೆಯೇ ಹೊರತು ಅಳಿಯುವುದಿಲ್ಲ. ಉಳಿದದ್ದನ್ನು ಒಬ್ಬರು ವಂಶವಾಹಿ ಅಂತಾರೆ, ಇನ್ನೊಬ್ಬರು ಜನಾಂಗಭೇದ ಅಂತಾರೆ. ಇಬ್ಬರ ಕೈಯಲ್ಲೂ ಇರುವುದು ಅದೇ ಕೋಷ್ಟಕ. ಆ ಉಳಿದ ಪಾಲು ನಿಜಕ್ಕೂ ಏನನ್ನು ಹೇಳುತ್ತೆ? ವರದಿ ಬರೆಯುವಾಗ ಯಾವ ಲೆಕ್ಕ ಕೊಡಬೇಕು, ಯಾವುದನ್ನು ಬಿಡಬೇಕು?

ಹರಡುನೋಟ

ಉಳಿದ ಪಾಲು ತಾನಾಗಿ ಏನನ್ನೂ ಹೇಳಲ್ಲ. ಮಾಡೆಲ್‌ಗೆ ಹಾಕದೆ ಬಿಟ್ಟದ್ದೆಲ್ಲ ಅದರಲ್ಲಿ ಸೇರಿಕೊಂಡಿರುತ್ತೆ. ಹೆಸರಿಡುವ ಮೊದಲು ಏನೇನು ಬಿಟ್ಟಿದ್ದೀವಿ ನೋಡಬೇಕು.

ಮೊದಲನೆಯದು, ಆದಾಯ ಬೇರೆ, ಆಸ್ತಿ ಬೇರೆ. ಅಮೆರಿಕದ ಕೇಂದ್ರ ಬ್ಯಾಂಕು 2022ರಲ್ಲಿ ಮಾಡಿದ ಕುಟುಂಬ ಹಣಕಾಸು ಸಮೀಕ್ಷೆಯಲ್ಲಿ ಬಿಳಿಯ ಕುಟುಂಬದ ಮಧ್ಯಮಾಂಕ ಆಸ್ತಿ ಸುಮಾರು 2,85,000 ಡಾಲರ್, ಕಪ್ಪುವರ್ಣೀಯ ಕುಟುಂಬದ್ದು ಸುಮಾರು 44,900. ಅಂದರೆ ಆರು ಪಟ್ಟಿಗೂ ಹೆಚ್ಚು. ತಿಂಗಳ ಸಂಬಳ ಒಂದೇ ಇದ್ದರೂ, ಮೂರು ತಿಂಗಳು ಕೆಲಸ ಹೋದರೆ ಒಬ್ಬರು ಉಳಿತಾಯ ಮುರಿದು ಮಾತ್ರೆ ತರುತ್ತಾರೆ, ಇನ್ನೊಬ್ಬರು ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಾರೆ. ಸಂಬಳವನ್ನಷ್ಟೇ ಹಾಕಿದ ಮಾಡೆಲ್‌ನಲ್ಲಿ ಇಬ್ಬರೂ ಒಂದೇ. ಓದಿನದ್ದೂ ಹಾಗೇ. ಡಿಗ್ರಿ ಒಂದೇ ಇರಬಹುದು. ಅದು ತಂದುಕೊಡುವ ಕೆಲಸ, ಆ ಕೆಲಸದ ಜೊತೆ ಬರುವ ವಿಮೆ, ಮನೆ ಸಿಗುವ ಬಡಾವಣೆ ಒಂದೇ ಇರುವುದಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ತಪ್ಪು: ಕಾರಣದ ಸರಪಳಿಯ ನಡುವಿನ ಕೊಂಡಿಯನ್ನೇ "ಸರಿಹೊಂದಿಸುವುದು". ಜನಾಂಗಭೇದದಿಂದ ಕೆಲಸ ಸಿಗಲಿಲ್ಲ, ಅದರಿಂದ ಆದಾಯ ಇಳಿಯಿತು, ಅದರಿಂದ ಕಾಯಿಲೆ. ಇಲ್ಲಿ ಆದಾಯವನ್ನು ಸ್ಥಿರವಾಗಿಟ್ಟರೆ ಜನಾಂಗಭೇದ ಮಾಡಿದ ಕೆಲಸದ ಒಂದು ಪಾಲನ್ನೇ ಅಳಿಸಿ, "ಪರಿಣಾಮ ಅಷ್ಟೇನಿಲ್ಲ" ಅಂತ ಬರೆದಂತೆ. ಹುಟ್ಟುತೂಕದ ಪ್ರಸಿದ್ಧ ಗೋಜಲು ಇದಕ್ಕೆ ಒಳ್ಳೆಯ ಪಾಠ. ಕಡಿಮೆ ತೂಕದ ಮಕ್ಕಳನ್ನಷ್ಟೇ ಬೇರೆ ತೆಗೆದು ನೋಡಿದರೆ, ಸಿಗರೇಟು ಸೇದುವ ತಾಯಂದಿರ ಮಕ್ಕಳೇ ಸೇದದವರ ಮಕ್ಕಳಿಗಿಂತ ಹೆಚ್ಚು ಬದುಕುವಂತೆ ಕಾಣುತ್ತೆ. ಸಿಗರೇಟು ಮಗುವನ್ನು ಕಾಯುತ್ತಿಲ್ಲ. ಸೇದದ ತಾಯಿಯ ಮಗು ಅಷ್ಟು ಸಣ್ಣದಾಗಿ ಹುಟ್ಟಿದೆ ಅಂದರೆ ಅದಕ್ಕೆ ಸೋಂಕೋ ಅಂಗವಿಕಲತೆಯೋ ಇನ್ನೂ ಗಂಭೀರವಾದ ಕಾರಣ ಇರುವ ಸಂಭವ ಹೆಚ್ಚು. ತೂಕವನ್ನು ಹಿಡಿದಿಟ್ಟಾಗ ಆ ಕಾಣದ ಕಾರಣ ಒಳಗೆ ನುಗ್ಗುತ್ತೆ. ಕಪ್ಪುವರ್ಣೀಯರ ಮತ್ತು ಬಿಳಿಯರ ಕಡಿಮೆ ತೂಕದ ಶಿಶುಗಳನ್ನು ಹೋಲಿಸಿದಾಗಲೂ ಇದೇ ತಿರುವುಮುರುವು ಕಂಡಿತ್ತು.

ಹಾಗಾಗಿ ಎರಡು ಲೆಕ್ಕ ಕೊಡಿ. ವಯಸ್ಸು, ಲಿಂಗ ಮಾತ್ರ ಸರಿಹೊಂದಿಸಿದ ಒಟ್ಟು ಅಂತರ ಒಂದು. ಆದಾಯ, ಓದು, ಬಡಾವಣೆ ಒಂದೊಂದಾಗಿ ಸೇರಿಸುತ್ತಾ ಹೋದರೆ ಅಂತರ ಎಷ್ಟೆಷ್ಟು ಕುಗ್ಗುತ್ತೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ "ಹಾದಿಯ ವಿವರ" ಅಂತ ತಲೆಬರಹ ಕೊಡಿ, "ನಿಜವಾದ ಅಂತರ" ಅಂತ ಕೊಡಬೇಡಿ.

ಎದುರುಮಾತು

ಇದೆಲ್ಲ ಒಪ್ಪಿದೆ. ಆದರೆ ಅಮೆರಿಕದಲ್ಲಿ ಕಪ್ಪುವರ್ಣೀಯರಲ್ಲೇ ಹೆಚ್ಚು ಕಾಣುವ ಸಿಕಲ್ ಸೆಲ್ ಅನ್ನುವ ವಂಶವಾಹಿ ರಕ್ತದ ಕಾಯಿಲೆ ಇದೆಯಲ್ಲ? ವಂಶವಾಹಿಯ ಮಾತೆತ್ತಿದ ತಕ್ಷಣ ಬಾಯಿ ಮುಚ್ಚಿಸುವುದೂ ವಿಜ್ಞಾನವಲ್ಲ. ಬಿಪಿಯ ವಿಷಯದಲ್ಲಂತೂ ಕಪ್ಪುವರ್ಣೀಯರ ದೇಹದಲ್ಲೇ ಏನೋ ಇದೆ ಅಂತ ಪಠ್ಯಪುಸ್ತಕಗಳೇ ಬರೆಯುತ್ತಾ ಬಂದಿವೆ.

ಹರಡುನೋಟ

@ಎದುರುಮಾತು ಬಾಯಿ ಮುಚ್ಚಿಸುವ ಮಾತಿಲ್ಲ, ಪರೀಕ್ಷೆ ಮಾಡೋಣ. ಸಿಕಲ್ ಸೆಲ್ ವಂಶವಾಹಿ ಹಬ್ಬಿದ್ದು ಮಲೇರಿಯಾ ಇದ್ದ ಕಡೆ. ಪಶ್ಚಿಮ ಆಫ್ರಿಕಾದಲ್ಲಿ ಇದೆ, ಗ್ರೀಸಿನಲ್ಲಿ ಇದೆ, ಅರೇಬಿಯಾದಲ್ಲಿ ಇದೆ, ಭಾರತದ ಆದಿವಾಸಿ ಸಮುದಾಯಗಳಲ್ಲಿ ಇದೆ. ಆಫ್ರಿಕಾ ಖಂಡದ ದಕ್ಷಿಣ ತುದಿಯ ಮೂಲನಿವಾಸಿಗಳಲ್ಲಿ ಅಪರೂಪ. ಅದು ಸೊಳ್ಳೆಯ ನಕಾಶೆ, ಚರ್ಮದ ಬಣ್ಣದ್ದಲ್ಲ. ಒಂದೇ ವಂಶವಾಹಿಯ ಕಾಯಿಲೆಗೆ ಆ ವಂಶವಾಹಿಯನ್ನೇ ಪರೀಕ್ಷೆ ಮಾಡಬಹುದು, ಜನಾಂಗವನ್ನು ಅದರ ಬದಲಿಗೆ ಇಡಬೇಕಿಲ್ಲ.

ಬಿಪಿಗೆ ಬನ್ನಿ. ವಂಶವಾಹಿಯೇ ಮುಖ್ಯ ಕಾರಣವಾದರೆ ಆಫ್ರಿಕಾ ಮೂಲದವರು ಎಲ್ಲಿದ್ದರೂ ಬಿಪಿ ಹೆಚ್ಚೇ ಇರಬೇಕು. ರಿಚರ್ಡ್ ಕೂಪರ್ ತಂಡ 1997ರಲ್ಲಿ ಒಂದೇ ವಿಧಾನದಲ್ಲಿ ಅಳೆದಾಗ ಅಧಿಕ ರಕ್ತದೊತ್ತಡ ಪಶ್ಚಿಮ ಆಫ್ರಿಕಾದಲ್ಲಿ ಶೇ 16, ಕೆರಿಬಿಯನ್‌ನಲ್ಲಿ ಶೇ 26, ಅಮೆರಿಕದಲ್ಲಿ ಶೇ 33. ಅದೇ ತಂಡ ಮುಂದೆ ಬೇರೆ ದೇಶಗಳ ಸಮೀಕ್ಷೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಜರ್ಮನಿ, ಫಿನ್ಲೆಂಡಿನ ಬಿಳಿಯರಲ್ಲಿ ಬಿಪಿ ಅಮೆರಿಕದ ಕಪ್ಪುವರ್ಣೀಯರನ್ನೂ ಮೀರಿಸಿತ್ತು.

ಇನ್ನೊಂದು ಪರೀಕ್ಷೆ ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಅವರದ್ದು, ಅದೂ 1997. ಇಲಿನಾಯ್ ರಾಜ್ಯದ ಜನನ ದಾಖಲೆ. ಅಮೆರಿಕದಲ್ಲಿ ಹುಟ್ಟಿದ ಬಿಳಿಯ ತಾಯಂದಿರ ಮಕ್ಕಳ ಸರಾಸರಿ ತೂಕ 3,446 ಗ್ರಾಂ, ಆಫ್ರಿಕಾದಲ್ಲಿ ಹುಟ್ಟಿ ವಲಸೆ ಬಂದ ತಾಯಂದಿರದ್ದು 3,333, ಅಮೆರಿಕದಲ್ಲೇ ಹುಟ್ಟಿದ ಕಪ್ಪುವರ್ಣೀಯ ತಾಯಂದಿರದ್ದು 3,089. ಅಮೆರಿಕದಲ್ಲೇ ಹುಟ್ಟಿದ ಕಪ್ಪುವರ್ಣೀಯರಲ್ಲಿ ಯುರೋಪಿನ ಮೂಲವೂ ಬೆರೆತಿದೆ, ವಲಸೆ ಬಂದವರಲ್ಲಿ ಆಫ್ರಿಕಾ ಮೂಲವೇ ಹೆಚ್ಚು. ವಂಶವಾಹಿಯೇ ಕಾರಣವಾಗಿದ್ದರೆ ಆಫ್ರಿಕಾ ಮೂಲ ಹೆಚ್ಚಿದಷ್ಟೂ ತೂಕ ಇಳಿಯಬೇಕಿತ್ತು, ಆದದ್ದು ಉಲ್ಟಾ. ವಲಸೆ ಬರುವವರು ಸಾಮಾನ್ಯವಾಗಿ ಗಟ್ಟಿ ಆರೋಗ್ಯದವರು, ಓದಿದವರು ಅನ್ನುವ ತಕರಾರು ನ್ಯಾಯವೇ. ಅದಕ್ಕೇ ಇದೊಂದರ ಮೇಲೇ ಎಲ್ಲ ನಿಲ್ಲಿಸಬಾರದು, ಬಿಪಿ ಲೆಕ್ಕದ ಜೊತೆ ಇಟ್ಟು ಓದಬೇಕು.

ದಶಮಾಂಶ

ಕಾರಣದ ಚರ್ಚೆಗೆ ಮೊದಲು ಅಂತರ ಸರಿಯಾಗಿ ಅಳೆದಿದ್ದೀವಾ ಅನ್ನೋದು. ಇಲ್ಲೇ ಅರ್ಧ ವರದಿಗಳು ಎಡವೋದು.

ವಯಸ್ಸಿನಿಂದ ಶುರು ಮಾಡೋಣ. ಕೆಳಗಿನವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಗುಂಪು ಕ: ಅರ್ಧ ಜನ 60ರ ಕೆಳಗೆ, ಅರ್ಧ ಮೇಲೆ. ಸಾವಿನ ದರ ಸಾವಿರಕ್ಕೆ ಕೆಳಗಿನವರಲ್ಲಿ 2, ಮೇಲಿನವರಲ್ಲಿ 30. ಗುಂಪು ಖ: ಶೇ 90 ಜನ 60ರ ಕೆಳಗೆ, ಶೇ 10 ಮೇಲೆ. ದರ 4 ಮತ್ತು 45. ಅಂದರೆ ಎರಡೂ ವಯಸ್ಸಿನಲ್ಲಿ ಖ ಗುಂಪಿನವರೇ ಹೆಚ್ಚು ಸಾಯುತ್ತಿದ್ದಾರೆ. ಒಟ್ಟು ದರ ತೆಗೆಯಿರಿ: ಕ 16, ಖ 8.1. ಹೆಚ್ಚು ಸಾಯುವ ಗುಂಪಿನಲ್ಲೇ ಸಾವು ಅರ್ಧದಷ್ಟು ಕಡಿಮೆ ಇದ್ದಂತೆ ಕಂಡಿತು! ಈಗ ಇಬ್ಬರಿಗೂ ಒಂದೇ ಅಳತೆಗೋಲಿನ ಜನಸಂಖ್ಯೆ ಹಾಕಿ, ಶೇ 70 ಕೆಳಗೆ, ಶೇ 30 ಮೇಲೆ. ಕ: 0.7×2 + 0.3×30 = 10.4. ಖ: 0.7×4 + 0.3×45 = 16.3. ಖ ಗುಂಪಿನದ್ದು 1.57 ಪಟ್ಟು. ವಲಸೆ ಸಮುದಾಯಗಳು, ಜನನ ಪ್ರಮಾಣ ಹೆಚ್ಚಿರುವ ಬಡ ಸಮುದಾಯಗಳು ಸಾಮಾನ್ಯವಾಗಿ ಖ ಥರ ಇರುತ್ತವೆ. ಸರಿಹೊಂದಿಸದ ದರ ಅವರ ಸಾವುಗಳನ್ನು ಮುಚ್ಚಿಬಿಡುತ್ತೆ.

ಎರಡನೆಯದು, ಅನುಪಾತ ಮತ್ತು ವ್ಯತ್ಯಾಸ ಎರಡನ್ನೂ ಕೊಡಿ. ದರ 40 ಮತ್ತು 20 ಇದ್ದದ್ದು ಹತ್ತು ವರ್ಷದಲ್ಲಿ 15 ಮತ್ತು 5 ಆಯಿತು ಅನ್ನಿ. ವ್ಯತ್ಯಾಸ 20ರಿಂದ 10ಕ್ಕೆ ಇಳಿಯಿತು, ಅನುಪಾತ 2ರಿಂದ 3ಕ್ಕೆ ಏರಿತು. ಆಡಳಿತದವರು ಮೊದಲನೆಯದನ್ನು, ವಿರೋಧಿಸುವವರು ಎರಡನೆಯದನ್ನು ಹಿಡಿದು ಓಡಾಡುತ್ತಾರೆ. ಇಬ್ಬರದ್ದೂ ನಿಜ, ಒಂದನ್ನೇ ಬರೆದರೆ ಅರೆನಿಜ.

ಮೂರನೆಯದು ಆಡ್ಸ್ ಅನುಪಾತದ ಬಲೆ. ಆಡ್ಸ್ ಅಂದರೆ ಹೌದು ಅಂದವರನ್ನು ಇಲ್ಲ ಅಂದವರಿಂದ ಭಾಗಿಸಿದ್ದು; ಎರಡು ಗುಂಪುಗಳ ಆಡ್ಸ್ ಹೋಲಿಸಿದರೆ ಆಡ್ಸ್ ಅನುಪಾತ. ಕೆವಿನ್ ಶುಲ್ಮನ್ ತಂಡ 1999ರಲ್ಲಿ ವೈದ್ಯರಿಗೆ ನಟರ ವಿಡಿಯೋ ತೋರಿಸಿ, ಎದೆನೋವಿನ ರೋಗಿಯನ್ನು ಆಂಜಿಯೋಗೆ ಕಳಿಸುತ್ತೀರಾ ಅಂತ ಕೇಳಿತ್ತು. ಬಿಳಿಯರಿಗೆ ಶೇ 90.6 ಹೌದು, ಕಪ್ಪುವರ್ಣೀಯರಿಗೆ ಶೇ 84.7. ಪತ್ರಿಕೆಗಳು ಬರೆದದ್ದು "ಶೇ 40 ಕಡಿಮೆ ಅವಕಾಶ" ಅಂತ! ಆಡ್ಸ್ ಅನುಪಾತ 0.6 ಬಂದದ್ದನ್ನೇ ಹಾಗೆ ಓದಿಬಿಟ್ಟಿದ್ದರು. 84.7ನ್ನು 90.6ರಿಂದ ಭಾಗಿಸಿ: 0.93. ಅಂದರೆ ಶೇ 7 ಕಡಿಮೆ. ಭೇದ ಇದ್ದೇ ಇದೆ. ಆದರೆ ಏಳನ್ನು ನಲವತ್ತು ಮಾಡಿದ್ದು ಬಯಲಾದ ಮೇಲೆ ಇಡೀ ವಿಷಯವನ್ನೇ ತಳ್ಳಿಹಾಕುವವರಿಗೆ ಒಂದು ನೆಪ ಸಿಕ್ಕಿತು. ಸಾಮಾನ್ಯವಾಗಿ ನಡೆಯುವ ಘಟನೆಗೆ ಆಡ್ಸ್ ಅನುಪಾತ ಬಳಸಬೇಡಿ. ನೇರ ಶೇಕಡಾವಾರು ಕೊಡಿ.

ಇನ್ನು ಅಂಶ, ಛೇದ. ಸಾವಿನ ಸಂಖ್ಯೆ ಮರಣ ಪತ್ರದಿಂದ ಬರುತ್ತೆ, ಜನಸಂಖ್ಯೆ ಜನಗಣತಿಯಿಂದ. ಜನಗಣತಿಯಲ್ಲಿ ಜನಾಂಗವನ್ನು ಜನರೇ ಹೇಳುತ್ತಾರೆ. ಅಮೆರಿಕದಲ್ಲಿ ಮರಣ ಪತ್ರದ ಆ ಕಾಲಂ ತುಂಬುವುದು ಸಾಮಾನ್ಯವಾಗಿ ಅಂತ್ಯಸಂಸ್ಕಾರ ನಡೆಸುವ ಸಂಸ್ಥೆಯವರು, ಕೆಲವೊಮ್ಮೆ ಮುಖ ನೋಡಿಯೇ. ಮೂಲನಿವಾಸಿ ಅಮೆರಿಕನ್ನರಲ್ಲಿ ಎಷ್ಟೋ ಜನ ಸತ್ತ ಮೇಲೆ ದಾಖಲೆಯಲ್ಲಿ ಬಿಳಿಯರಾಗಿಬಿಡುತ್ತಾರೆ. ಛೇದದಲ್ಲಿ ಇದ್ದಾರೆ, ಅಂಶದಲ್ಲಿ ಇಲ್ಲ. ದರ ಸುಳ್ಳುಸುಳ್ಳೇ ಇಳಿಯುತ್ತೆ. ನ್ಯೂಜಿಲೆಂಡಿನಲ್ಲಿ ಮಾವೋರಿ ಸಾವುಗಳಿಗೂ ಇದೇ ಗತಿ ಆಗಿತ್ತು. 1995ರಲ್ಲಿ ನೋಂದಣಿ ಪ್ರಶ್ನೆ ಬದಲಿಸಿದ ಮೇಲೆ, ಜನಗಣತಿ ದಾಖಲೆಗೂ ಮರಣ ದಾಖಲೆಗೂ ಕೊಂಡಿ ಹಾಕಿ ನೋಡಿದ ಮೇಲೆ ನಿಜವಾದ ಅಂತರ ಹೊರಬಂತು. ಫ್ರಾನ್ಸ್ ಅಂತೂ ಜನಾಂಗದ ಕಾಲಂ ಇಡುವುದೇ ಇಲ್ಲ. ಕಾಲಂ ಇಲ್ಲದ ಕಡೆ ಅಂತರವೂ ಇಲ್ಲ, ಕಾಗದದ ಮೇಲೆ.

ಅಂಕಿಪಟ್ಟಿ

@ದಶಮಾಂಶ ಕ-ಖ ಲೆಕ್ಕ ತುಂಬಾ ಉಪಯೋಗ ಆಯ್ತು. ಆಸ್ಪತ್ರೆಯ ಒಳಗಿನ ವ್ಯತ್ಯಾಸಕ್ಕೆ ವೈದ್ಯರ ಮನೋಭಾವವೇ ಕಾರಣ ಅಂತ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅದರಾಚೆ ಏನಿದೆ?

ವಾರ್ಡ್12

ಅದರಾಚೆ ಯಂತ್ರ ಇದೆ, ಸೂತ್ರ ಇದೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲದಿದ್ದರೂ ಅವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ಪಲ್ಸ್ ಆಕ್ಸಿಮೀಟರ್ ತೆಗೆದುಕೊಳ್ಳಿ. ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತೆ: ಸುಮಾರು 660 ನ್ಯಾನೋಮೀಟರಿನ ಕೆಂಪು, ಸುಮಾರು 940ರ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿಬಡಿತದ ಜೊತೆ ಏರಿಳಿಯುವ ಭಾಗವನ್ನು ಹಿಡಿದು ಎರಡರ ಅನುಪಾತ ತೆಗೆಯುತ್ತೆ. ಆ ಅನುಪಾತವನ್ನು ಶೇಕಡಾವಾರಿಗೆ ಬದಲಿಸುವ ಕೋಷ್ಟಕ ಯಾವುದೋ ಭೌತಶಾಸ್ತ್ರದ ನಿಯಮದಿಂದ ಬಂದದ್ದಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಮಾಡುತ್ತಾ, ಅವರ ಅಪಧಮನಿಯ ರಕ್ತದ ಜೊತೆ ತಾಳೆ ನೋಡಿ ಮಾಡಿದ್ದು. ಆ ಸ್ವಯಂಸೇವಕರಲ್ಲಿ ಬಹುಪಾಲು ತಿಳಿ ಚರ್ಮದವರು. ಅಮೆರಿಕದ ಔಷಧ, ವೈದ್ಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಕೇಳಿದ್ದೂ ಕನಿಷ್ಠ 10 ಜನ, ಅದರಲ್ಲಿ ಗಾಢ ಚರ್ಮದವರು ಇಬ್ಬರು ಅಥವಾ ಶೇ 15, ಯಾವುದು ಹೆಚ್ಚೋ ಅದು. ಇಬ್ಬರ ಬೆರಳಿನಲ್ಲಿ ಎಷ್ಟು ಗೊತ್ತಾಗುತ್ತೆ ನೀವೇ ಹೇಳಿ.

ಪರಿಣಾಮ: 2020ರ ಡಿಸೆಂಬರಿನಲ್ಲಿ ಪ್ರಕಟವಾದ ಮೈಕೆಲ್ ಸ್ಯೋಡಿಂಗ್ ತಂಡದ ಲೆಕ್ಕದಲ್ಲಿ ಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪುವರ್ಣೀಯರಲ್ಲಿ ಶೇ 11.7 ಸಲ, ಬಿಳಿಯರಲ್ಲಿ ಶೇ 3.6 ಸಲ. ಕೋವಿಡ್ ಕಾಲದಲ್ಲಿ ಹಾಸಿಗೆ, ಆಮ್ಲಜನಕ, ಔಷಧ ಎಲ್ಲದಕ್ಕೂ ಮೀಟರಿನ ಒಂದು ಗೆರೆ ಇತ್ತು. ಎರಡು ಅಂಕ ಹೆಚ್ಚು ತೋರಿಸಿದರೆ ರೋಗಿ ಗೆರೆಯ ಆಚೆ.

ವಾರ್ಡಿನಲ್ಲಿ ಮಾಡಬೇಕಾದದ್ದು ಇಷ್ಟು. ಒಂದು ಓದನ್ನು ನಂಬಬೇಡಿ, ಗಂಟೆಗಂಟೆಗೂ ಬರೆದು ಇಳಿಕೆ ನೋಡಿ. 97 ಇದ್ದವರು 93ಕ್ಕೆ ಬಂದರೆ 93 ಸರಿಯಿದೆ ಅಂತ ಬಿಡಬೇಡಿ. ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ, ಉಗುರುಬಣ್ಣ ತೆಗೆಸಿ, ಅಲೆಯ ಚಿತ್ರ ಚೆನ್ನಾಗಿ ಬರುವವರೆಗೆ ಕಾಯಿರಿ. ಉಸಿರಿನ ವೇಗ, ಗೊಂದಲ, ಸುಸ್ತು ಒಂದು ಕಥೆ ಹೇಳಿ ಮೀಟರ್ ಇನ್ನೊಂದು ಹೇಳಿದರೆ ಅಪಧಮನಿಯ ರಕ್ತ ತೆಗೆದು ನೋಡಿ. ಯಂತ್ರಕ್ಕೆ ಕಾಣುವುದು ಮೆಲನಿನ್, ಜನಾಂಗದ ಹೆಸರಲ್ಲ. ಹಾಗಾಗಿ ಗಾಢ ಚರ್ಮದ ಯಾರಿಗೇ ಆದರೂ, ಯಾವ ದೇಶದಲ್ಲೇ ಆದರೂ ಇದು ಅನ್ವಯ.

ಈಗ ಸೂತ್ರ. ಕಿಡ್ನಿ ಎಷ್ಟು ಸೋಸುತ್ತೆ ಅನ್ನುವ ಇಜಿಎಫ್‌ಆರ್ ಅಂಕಿಯನ್ನು, ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕ್ರಿಯಾಟಿನಿನ್ ಅನ್ನುವ ತ್ಯಾಜ್ಯದಿಂದ ಅಂದಾಜು ಮಾಡುತ್ತಾರೆ. 2009ರ ಸಿಕೆಡಿ-ಎಪಿ ಸೂತ್ರದಲ್ಲಿ ರೋಗಿ ಕಪ್ಪುವರ್ಣೀಯರಾದರೆ ಫಲಿತಾಂಶವನ್ನು 1.159ರಿಂದ ಗುಣಿಸಬೇಕಿತ್ತು. ಕಾರಣ ಹೇಳಿದ್ದು ಸ್ನಾಯು ಹೆಚ್ಚು ಅಂತ. ಲೆಕ್ಕ ಹಾಕಿ ನೋಡಿ: ಗುಣಿಸದಿದ್ದರೆ 18 ಬರುವವರಿಗೆ ಗುಣಿಸಿದಾಗ 20.9. ಅಮೆರಿಕದಲ್ಲಿ ಕಸಿಗೆ ಕಾಯುವ ಪಟ್ಟಿಯಲ್ಲಿ ದಿನ ಎಣಿಕೆ ಶುರುವಾಗುವುದು 20 ಅಥವಾ ಅದಕ್ಕಿಂತ ಕೆಳಗೆ ಬಂದಾಗ. ಅದೇ ರಕ್ತ, ಅದೇ ಕ್ರಿಯಾಟಿನಿನ್. ಒಬ್ಬರಿಗೆ ಸರದಿ ಶುರು, ಇನ್ನೊಬ್ಬರು ಕಿಡ್ನಿ ಇನ್ನಷ್ಟು ಕೆಡಲಿ ಅಂತ ಕಾಯಬೇಕು. 2021ರಲ್ಲಿ ಜನಾಂಗವಿಲ್ಲದ ಹೊಸ ಸೂತ್ರ ಬಂತು. 2022ರಲ್ಲಿ ಕಸಿ ವ್ಯವಸ್ಥೆ ಹಳೆಯದನ್ನು ನಿಷೇಧಿಸಿತು. 2023ರಲ್ಲಿ, ಹಳೆ ಗುಣಾಕಾರದಿಂದ ಹಿಂದೆ ಉಳಿದವರ ದಾಖಲೆ ತೆಗೆದು ಅವರು ಕಳೆದುಕೊಂಡ ದಿನಗಳನ್ನು ಮರಳಿ ಸೇರಿಸಬೇಕು ಅಂತ ಆದೇಶವಾಯಿತು. ನನ್ನ ಪ್ರಕಾರ ಇಡೀ ಕ್ಷೇತ್ರದಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ದುರಸ್ತಿ ಇದೇ: ಸೂತ್ರ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ, ಆದ ನಷ್ಟವನ್ನೂ ಕಟ್ಟಿಕೊಟ್ಟರು. ಗೆರೆಯ ಆಸುಪಾಸಿನಲ್ಲಿ ಇರುವವರಿಗೆ ಸಿಸ್ಟಾಟಿನ್-ಸಿ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು, ಅದು ಸ್ನಾಯುವಿನ ಮೇಲೆ ಅಷ್ಟು ಅವಲಂಬಿಸುವುದಿಲ್ಲ.

ಶ್ವಾಸಕೋಶದ ಸ್ಪೈರೋಮೀಟರ್‌ನಲ್ಲೂ ಇದೇ ಚಾಳಿ. ಕಪ್ಪುವರ್ಣೀಯರಿಗೆ "ಸಹಜ" ಅನ್ನುವ ಗೆರೆಯನ್ನೇ ಶೇ 10ರಿಂದ 15, ಏಷ್ಯನ್ನರಿಗೆ ಶೇ 4ರಿಂದ 6 ಇಳಿಸಿ ಇಡುತ್ತಿದ್ದರು. ಧೂಳು, ಹೊಗೆಯಲ್ಲಿ ದುಡಿದು ಶ್ವಾಸಕೋಶ ಕುಗ್ಗಿದವರಿಗೂ ವರದಿ "ನಾರ್ಮಲ್". ಈಗ ಜನಾಂಗ ಕೇಳದ ಜಾಗತಿಕ ಮಾನದಂಡ ಇದೆ. ನಿಮ್ಮ ಕಡೆಯ ಯಂತ್ರದ ಸೆಟ್ಟಿಂಗ್‌ನಲ್ಲಿ ಯಾವುದು ಆಯ್ಕೆಯಾಗಿದೆ ಅಂತ ನೋಡಿಕೊಳ್ಳಿ. ತಂತ್ರಾಂಶ ಹಳೆಯದಿದ್ದರೆ ಹಳೆಯ ಗೆರೆಯೇ ಕೂತಿರುತ್ತೆ.

ದಶಮಾಂಶ

ವಾರ್ಡ್12 ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಅಲ್ಗಾರಿದಂನಲ್ಲಿ ಜನಾಂಗದ ಕಾಲಂ ಇಲ್ಲದಿದ್ದರೆ ಭೇದವೂ ಇಲ್ಲ ಅಂದುಕೊಳ್ಳಬೇಡಿ. 2019ರಲ್ಲಿ ಜಿಯಾದ್ ಒಬರ್ಮೇಯರ್ ತಂಡ ನೋಡಿದ ತಂತ್ರಾಂಶ, ಯಾವ ರೋಗಿಗೆ ವಿಶೇಷ ಆರೈಕೆ ಬೇಕು ಅಂತ ಆರಿಸುತ್ತಿತ್ತು. ಜನಾಂಗ ಕೇಳುತ್ತಿರಲಿಲ್ಲ. ಆದರೆ "ಕಾಯಿಲೆ ಎಷ್ಟು" ಅನ್ನುವುದರ ಜಾಗದಲ್ಲಿ "ಮುಂದೆ ಖರ್ಚು ಎಷ್ಟಾಗುತ್ತೆ" ಅಂತ ಊಹಿಸುತ್ತಿತ್ತು. ಆಸ್ಪತ್ರೆಗೆ ಹೋಗಲಾಗದವರ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಂತರು ಅಂತ ಲೆಕ್ಕ. ಅದನ್ನು ಸರಿಪಡಿಸಿದರೆ ಹೆಚ್ಚಿನ ನೆರವಿಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತಿತ್ತು. ಯಾವ ತಂತ್ರಾಂಶ ಬಂದರೂ ಮೊದಲ ಪ್ರಶ್ನೆ: ಇದು ಊಹಿಸುತ್ತಿರುವುದು ಏನನ್ನು?

ಎದುರುಮಾತು

ಹಾಗಾದರೆ ಇದೆಲ್ಲ ವರ್ಗದ ಪ್ರಶ್ನೆ ಅಲ್ಲವೇ? ಬಡವರಿಗೆ ಹಣ, ವಿಮೆ ಕೊಟ್ಟರೆ ಮುಗಿಯಿತು. ಜನಾಂಗವನ್ನು ಎತ್ತಿ ಮಾತಾಡುವುದು ದಾರಿ ತಪ್ಪಿಸಿದಂತೆ.

ನಕಾಶೆ

@ಎದುರುಮಾತು ಹಣ ಕೊಟ್ಟರೂ ಜಾಗ ಬದಲಾಗಬೇಕಲ್ಲ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕಾಶೆ ಮಾಡಿ ಬಡಾವಣೆಗಳಿಗೆ ಬಣ್ಣ ಹಚ್ಚಿತು. ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕಪ್ಪುವರ್ಣೀಯರು ಇದ್ದರೆ ಹೆಚ್ಚೂಕಡಿಮೆ ಕೆಂಪೇ. ಸಾಲ ನಿರಾಕರಿಸಿದ ದೊಡ್ಡ ಪಾಪ ಈ ನಕಾಶೆಯದ್ದೋ, 1934ರಲ್ಲಿ ಹುಟ್ಟಿದ ಗೃಹಸಾಲ ಖಾತರಿ ಸಂಸ್ಥೆಯ ನಿಯಮಗಳದ್ದೋ ಅನ್ನುವ ಜಗಳ ಇತಿಹಾಸಕಾರರಲ್ಲಿ ಇದೆ. ನನಗೆ ಎರಡನೆಯದೇ ಹೆಚ್ಚು ಅನ್ನಿಸುತ್ತೆ. ನಕಾಶೆ ಆಗಲೇ ಇದ್ದದ್ದನ್ನು ಬರೆದಿಟ್ಟದ್ದೂ ಹೌದು. ಏನೇ ಇರಲಿ, 1968ರಲ್ಲಿ ಕಾನೂನು ಬದಲಾಯಿತು, ನೆಲ ಬದಲಾಗಲಿಲ್ಲ. ಸಾಲ ಇಲ್ಲದ ಕಡೆ ಮನೆ ರಿಪೇರಿ ಇಲ್ಲ, ಅಗ್ಗದ ನೆಲ ಅಂತ ಹೆದ್ದಾರಿ ಬಂತು, ಕಾರ್ಖಾನೆ ಬಂತು, ಮರ ಹೋಯಿತು. 2020ರಲ್ಲಿ 108 ನಗರ ಪ್ರದೇಶಗಳ ನೆಲದ ಉಷ್ಣ ಅಳೆದಾಗ ಶೇ 94ರಲ್ಲಿ ಹಳೆಯ ಕೆಂಪು ಬಡಾವಣೆಗಳೇ ಹೆಚ್ಚು ಬಿಸಿ, ಸರಾಸರಿ ಸುಮಾರು 2.6 ಡಿಗ್ರಿ ಸೆಲ್ಸಿಯಸ್. ಬಿಸಿಗಾಳಿಯ ವಾರದಲ್ಲಿ ಹೃದ್ರೋಗಿಗಳಿಗೆ, ವಯಸ್ಸಾದವರಿಗೆ ಆ ವ್ಯತ್ಯಾಸ ಸಣ್ಣದಲ್ಲ.

ನೀರಿನ ಉದಾಹರಣೆ ಮಿಷಿಗನ್‌ನ ಫ್ಲಿಂಟ್. ಹೆಚ್ಚಿನವರು ಕಪ್ಪುವರ್ಣೀಯರೇ ಇರುವ ಊರು. ಖರ್ಚು ಉಳಿಸಲು ಏಪ್ರಿಲ್ 2014ರಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ನದಿ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಕೊಳವೆ ಕೊರೆಯುತ್ತೆ. ಮೊದಲು ಸೇರಿಸುತ್ತಿದ್ದ ಆರ್ಥೋಫಾಸ್ಫೇಟ್ ಕೊಳವೆಯ ಒಳಗೆ ತೆಳು ಪದರ ಕಟ್ಟಿ ಸೀಸ ಕರಗದಂತೆ ತಡೆಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಅದನ್ನು ಹಾಕಲೇ ಇಲ್ಲ. ಇದ್ದ ಪದರವೂ ಕಳಚಿ ಸೀಸ ನಲ್ಲಿಗೆ ಬಂತು. ಜನ ಬಣ್ಣಗೆಟ್ಟ ನೀರು ಹಿಡಿದು ತೋರಿಸಿದರೂ ಹಳೆಯ ನೀರಿಗೆ ಮರಳಿದ್ದು ಅಕ್ಟೋಬರ್ 2015ರಲ್ಲಿ. ಮಿಷಿಗನ್ ನಾಗರಿಕ ಹಕ್ಕುಗಳ ಆಯೋಗ 2017ರಲ್ಲಿ ಇದರ ಬೇರನ್ನು ವ್ಯವಸ್ಥೆಯೊಳಗಿನ ಜನಾಂಗಭೇದದಲ್ಲೇ ಗುರುತಿಸಿತು. ಯಾವ ಕುಟುಂಬದ ಆದಾಯ ಎಷ್ಟು ಅನ್ನುವುದು ಇಲ್ಲಿ ಎಲ್ಲಿ ಬಂತು? ಇಡೀ ಊರಿಗೆ ಒಂದೇ ಕೊಳವೆ.

ಹರಡುನೋಟ

ವರ್ಗವನ್ನು ಕೈಬಿಡಬೇಕು ಅಂತಲೂ ಅಲ್ಲ. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಲಂಡನ್ನಿನ ಸುಮಾರು 18,000 ಸರ್ಕಾರಿ ನೌಕರರನ್ನು ನೋಡಿದರು. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಒಂದೇ ಸರ್ಕಾರಿ ವೈದ್ಯ ಸೇವೆ. ಆದರೂ ಅತಿ ಕೆಳದರ್ಜೆಯವರ ಸಾವು ಅತಿ ಮೇಲ್ದರ್ಜೆಯವರ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಸೇರಿದರೂ ಅಂತರದ ಅರ್ಧವನ್ನೂ ವಿವರಿಸಲಿಲ್ಲ. ಅಂದರೆ ಪ್ರಶ್ನೆ ಹೊಟ್ಟೆಗಿಲ್ಲದ ಬಡತನದ್ದು ಮಾತ್ರವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆರೋಗ್ಯದ್ದು. ಜನಾಂಗ, ಜಾತಿ, ವಲಸೆಯ ಸ್ಥಿತಿ, ಇವು ಯಾರನ್ನು ಯಾವ ಮೆಟ್ಟಿಲಲ್ಲಿ ಕೂರಿಸುತ್ತವೆ ಅನ್ನುವುದನ್ನು ತೀರ್ಮಾನಿಸುತ್ತವೆ, ಮತ್ತು ಮೇಲಿನ ಮೆಟ್ಟಿಲು ಹತ್ತಿದವರನ್ನೂ ಪೂರ್ತಿ ಬಿಡುವುದಿಲ್ಲ.

ಆ "ಬಿಡುವುದಿಲ್ಲ" ಅನ್ನುವುದರ ಒಂದು ಹಾದಿ ದೀರ್ಘಕಾಲದ ಒತ್ತಡ. ಆರ್ಲೀನ್ ಜೆರೋನಿಮಸ್ 1992ರಲ್ಲಿ ಮುಂದಿಟ್ಟ ವಾದ: ಬಿಳಿಯ ತಾಯಂದಿರಲ್ಲಿ ಹದಿಹರೆಯಕ್ಕಿಂತ ಇಪ್ಪತ್ತರ ದಶಕದ ಹೆರಿಗೆ ಸುರಕ್ಷಿತ, ಕಪ್ಪುವರ್ಣೀಯರಲ್ಲಿ ವಯಸ್ಸು ಏರಿದಂತೆ ಶಿಶುವಿನ ಅಪಾಯವೇ ಏರುತ್ತಿತ್ತು, ದೇಹ ಬೇಗ ಸವೆದಂತೆ. ಇದನ್ನು ಅಳೆಯಲು ಬಿಪಿ, ಸೊಂಟದಳತೆ, ದೀರ್ಘಾವಧಿ ಸಕ್ಕರೆ, ಸಿಆರ್‌ಪಿ (ಉರಿಯೂತದ ಸೂಚಿ) ಥರದ ಸುಮಾರು ಹತ್ತು ಸೂಚಿಗಳಲ್ಲಿ ಎಷ್ಟು, ಎಲ್ಲರ ಪೈಕಿ ಅತಿ ಅಪಾಯದ ಕಾಲು ಭಾಗದಲ್ಲಿ ಬೀಳುತ್ತವೆ ಅಂತ ಎಣಿಸಿ ಅಂಕ ಕೊಡುತ್ತಾರೆ. ಒಂದೇ ಸಲ ಅಳೆದ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಮೇಲೆ ಕಥೆ ಕಟ್ಟುವ ಪ್ರಬಂಧಗಳನ್ನು ನಂಬಬೇಡಿ. ಅದು ಗಂಟೆಗಂಟೆಗೂ ಬದಲಾಗುತ್ತೆ, ದಿನದುದ್ದದ ಇಳಿಜಾರು ಬೇಕು.

ಭೇದದ ಅನುಭವ ಅಳೆಯುವುದಕ್ಕೆ ಡೇವಿಡ್ ವಿಲಿಯಮ್ಸ್ ತಂಡದ 1997ರ ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ: ಬೇರೆಯವರಿಗಿಂತ ಕಡಿಮೆ ಮರ್ಯಾದೆ ಸಿಗುತ್ತಾ, ನಿಮ್ಮನ್ನು ಕಂಡರೆ ಹೆದರುತ್ತಾರಾ, ಹೀಗೆ. ಮೊದಲು ಅನುಭವವನ್ನಷ್ಟೇ ಕೇಳಿ, ಕಾರಣ ಏನಿರಬಹುದು ಅನ್ನುವುದನ್ನು ಕೊನೆಗೆ ಕೇಳುತ್ತಾರೆ. ಕ್ರಮ ತಿರುಗಿಸಬೇಡಿ. ಜನಾಂಗದ ಹೆಸರು ಮೊದಲೇ ಹೇಳಿದರೆ ಉತ್ತರ ವಾಲುತ್ತೆ.

ಇನ್ನೊಂದು, ಎಲ್ಲ ಅಂತರವೂ ಒಂದೇ ದಿಕ್ಕಿಗೆ ಇರಲ್ಲ. ಅಮೆರಿಕದಲ್ಲಿ ಒಪಿಯಾಯ್ಡ್ (ಅಫೀಮಿನ ಥರದ) ನೋವು ಮಾತ್ರೆಗಳ ಅತಿ ಸೇವನೆಯ ಮೊದಲ ಅಲೆಯಲ್ಲಿ ಹೆಚ್ಚು ಸತ್ತದ್ದು ಬಿಳಿಯರು. ಒಂದು ಕಾರಣ, ಕಪ್ಪುವರ್ಣೀಯರ ನೋವನ್ನು ವೈದ್ಯರು ಅಷ್ಟು ನಂಬದೆ ಆ ಮಾತ್ರೆ ಬರೆಯದೇ ಇದ್ದದ್ದು. ಫೆಂಟನಿಲ್ ಅನ್ನುವ ಅತಿ ತೀಕ್ಷ್ಣ ಒಪಿಯಾಯ್ಡ್ ಬೀದಿಗೆ ಬಂದ ಮೇಲೆ, 2020ರ ಹೊತ್ತಿಗೆ ಲೆಕ್ಕ ತಿರುಗಿ ಕಪ್ಪುವರ್ಣೀಯರ ದರವೇ ಮೇಲೆ ಹೋಯಿತು.

ತಳಪಾಯ

ಏನು ಮಾಡಿದರೆ ಅಂತರ ಮುಚ್ಚುತ್ತೆ ಅನ್ನುವುದಕ್ಕೂ ಅಂಕಿ ಇದೆ. ಡೆಲಾವೇರ್ ರಾಜ್ಯದ ಕರುಳಿನ ಕ್ಯಾನ್ಸರ್ ಕಾರ್ಯಕ್ರಮ, 2001ರಿಂದ 2009. ತಪಾಸಣೆ ಉಚಿತ ಅಂದರೆ ಸಾಲದು, ಕಂಡುಬಂದ ಕ್ಯಾನ್ಸರಿಗೆ ವಿಮೆ ಇಲ್ಲದವರ ಚಿಕಿತ್ಸೆಯ ಖರ್ಚೂ ರಾಜ್ಯದ್ದೇ. ಪ್ರತಿ ಆಸ್ಪತ್ರೆಯಲ್ಲೂ ನರ್ಸ್‌ಗಳನ್ನು ಇಟ್ಟು, ಒಬ್ಬೊಬ್ಬರನ್ನೂ ಹಿಡಿದು ದಿನ ಗೊತ್ತುಮಾಡಿ, ವಾಹನ ಹೊಂದಿಸಿ, ಹೊಟ್ಟೆ ಖಾಲಿ ಮಾಡುವ ಔಷಧ ಹೇಗೆ ಕುಡಿಯಬೇಕು ಅಂತ ವಿವರಿಸಿ ಕರೆತಂದರು. ಕಪ್ಪುವರ್ಣೀಯರ ತಪಾಸಣೆ ಶೇ 48ರಿಂದ 74, ಬಿಳಿಯರದ್ದು 58ರಿಂದ 74. ಲಕ್ಷಕ್ಕೆ ಸಾವು ಕಪ್ಪುವರ್ಣೀಯರಲ್ಲಿ 31.2ರಿಂದ 18.0, ಬಿಳಿಯರಲ್ಲಿ 19.5ರಿಂದ 16.9. ಎಂಟು ವರ್ಷದಲ್ಲಿ ಯಾರ ವಂಶವಾಹಿಯೂ ಬದಲಾಗಲಿಲ್ಲ.

ಹಿಂದಿನದ್ದು ಇನ್ನೊಂದು. 1966ರ ಜುಲೈನಲ್ಲಿ ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಶುರುವಾಗುವಾಗ ಸರ್ಕಾರ ಒಂದು ಷರತ್ತು ಹಾಕಿತು: 1964ರ ನಾಗರಿಕ ಹಕ್ಕು ಕಾಯ್ದೆ ಪಾಲಿಸದ, ಬಣ್ಣ ನೋಡಿ ವಾರ್ಡ್ ಬೇರೆ ಮಾಡುವ ಆಸ್ಪತ್ರೆಗೆ ದುಡ್ಡಿಲ್ಲ. ದಶಕಗಳ ಕಾಲ ಜಪ್ಪಯ್ಯ ಅನ್ನದ ಸುಮಾರು ಸಾವಿರ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಬಾಗಿಲು ತೆರೆದವು. ಮಿಸಿಸಿಪ್ಪಿಯ ಹಳ್ಳಿಗಾಡಿನಲ್ಲಿ ಭೇದಿ, ನ್ಯುಮೋನಿಯಾದಿಂದ ಸಾಯುತ್ತಿದ್ದ ಕಪ್ಪುವರ್ಣೀಯ ಶಿಶುಗಳ ಸಂಖ್ಯೆ ಆಮೇಲೆ ಕಡಿದಾಗಿ ಇಳಿಯಿತು. ಎರಡೂ ಆಸ್ಪತ್ರೆಗೆ ಬೇಗ ತಂದರೆ ಡ್ರಿಪ್, ಆಂಟಿಬಯೋಟಿಕ್‌ನಿಂದ ಉಳಿಯುವ ಕಾಯಿಲೆ.

ಕೆಲಸ ಮಾಡದೇ ಇರುವುದು ಬರೀ ಜಾಗೃತಿ. ಕರಪತ್ರ, ಆ್ಯಪ್, ಜಾಹೀರಾತು ಮೊದಲು ತಲುಪುವುದು ಸಮಯ, ಫೋನು, ರಜೆ ಇರುವವರಿಗೆ. ಸರಾಸರಿ ಸುಧಾರಿಸುತ್ತೆ, ಅಂತರ ಅಗಲವಾಗುತ್ತೆ. ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ಸರಾಸರಿಯನ್ನಷ್ಟೇ ಬರೆದಿದ್ದರೆ ಗುಂಪುವಾರು ಕೋಷ್ಟಕ ಕೇಳಿ ಪಡೆಯಿರಿ.

ಅಂಕಿಪಟ್ಟಿ

ಕೊನೆಯ ಪ್ರಶ್ನೆ. ಕೆಲವು ಗುಂಪುಗಳಲ್ಲಿ ವರ್ಷಕ್ಕೆ ಏಳೆಂಟು ಸಾವು ಮಾತ್ರ. "ಇತರೆ" ಅಂತ ಸೇರಿಸಿಬಿಡಬಹುದೇ?

ದಶಮಾಂಶ

ಬೇಡ. "ಇತರೆ" ಅಂದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಸರಾಸರಿ. ಅದರಿಂದ ಯಾರಿಗೂ ಏನೂ ಮಾಡಲಾಗುವುದಿಲ್ಲ. ಮೊದಲು ವರ್ಷಗಳನ್ನು ಸೇರಿಸಿ, ಮೂರು ಅಥವಾ ಐದು ವರ್ಷದ ಒಟ್ಟು ದರ ಕೊಡಿ. ಸಾಪೇಕ್ಷ ದೋಷ ಹೆಚ್ಚುಕಡಿಮೆ ಒಂದನ್ನು ಸಾವಿನ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು: 8 ಸಾವಿಗೆ ಶೇ 35, 20ಕ್ಕೆ ಶೇ 22, 40ಕ್ಕೆ ಶೇ 16. 20ಕ್ಕಿಂತ ಕಡಿಮೆ ಇದ್ದರೆ ದರದ ಪಕ್ಕ "ಅಸ್ಥಿರ" ಅಂತ ಗುರುತು ಹಾಕಿ, ವಿಶ್ವಾಸಾಂತರ ಕೊಡಿ. ಸತ್ತವರು ಯಾರು ಅಂತ ಗುರುತು ಸಿಗುವ ಭಯವಿದ್ದರೆ ಕೋಷ್ಟಕದ ಆ ಮನೆಯ ಅಂಕಿ ಮುಚ್ಚಿ, ಆದರೆ ಸಾಲನ್ನು ಅಳಿಸಬೇಡಿ. ಒಂದೇ ಮನೆ ಮುಚ್ಚಿ ಒಟ್ಟು ಮೊತ್ತ ಹಾಗೇ ಬಿಟ್ಟರೆ ಯಾರು ಬೇಕಾದರೂ ಕಳೆದು ಕಂಡುಹಿಡಿಯುತ್ತಾರೆ, ಹಾಗಾಗಿ ಇನ್ನೊಂದು ಮನೆಯನ್ನೂ ಮುಚ್ಚಬೇಕಾಗುತ್ತೆ. ಜನಾಂಗ ನಮೂದಾಗದ ದಾಖಲೆಗಳು ಎಷ್ಟು ಅಂತ ಅದೇ ಕೋಷ್ಟಕದಲ್ಲಿ ಒಂದು ಪ್ರತ್ಯೇಕ ಸಾಲು ಇಡಿ. ಅದು ಶೇ 10 ದಾಟಿದ್ದರೆ ಉಳಿದ ಸಾಲುಗಳ ಬಗ್ಗೆ ಗಟ್ಟಿಯಾಗಿ ಏನನ್ನೂ ಬರೆಯಬೇಡಿ.